ರದ್ದಿಯ ತಕ್ಕಡಿಯಲ್ಲಿ ಕಿರಾಣಿ ಅಂಗಡಿಯ ಕಿರ್ದಿ

ದೀಪಾವಳಿಯು ಸಮೀಪಿಸಿತೆಂದರೆ ನಮ್ಮ ಊರುಗಳಲ್ಲಿ ಅಟ್ಟಗಳು ಬರಿದಾಗುವ ಕಾಲವು ಬಂದಿತೆಂದೇ ತಿಳಿಯಬೇಕು. ಬಿರುಕುಬಿಟ್ಟ ಹರಿವಾಣ, ಮುರಿದ ತೊಟ್ಟಿಲು, ಕಂದೀಲಿನ ಗಾಜು, ಹಳೆಯ ವರ್ತಮಾನಪತ್ರಗಳ ಹೊರೆ, ಇವೆಲ್ಲ ಓಣಿಗೆ ಇಳಿದು ರದ್ದಿಯವನ ದಾರಿಯನ್ನು ಕಾಯುತ್ತಿರುವವು. ಕಳೆದ ಹಬ್ಬದ ಮುಂಚೆ ಬೆಳಗಾವಿಯ ಖಾಸಬಾಗದ ಒಂದು ಓಣಿಯಲ್ಲಿ ಹಾಯ್ದುಹೋಗುತ್ತಿರುವಾಗ ಇಂಥದೇ ಒಂದು ಹೊರೆಯು ನಮ್ಮ ಕಣ್ಣಿಗೆ ಬಿದ್ದಿತು. ಅದರಲ್ಲಿ ಕೆಂಪು ಬಟ್ಟೆಯ ರಟ್ಟಿನ, ಉದ್ದನೆಯ, ದಾರದಿಂದ ಬಿಗಿದು ಕಟ್ಟಿದ ಹತ್ತೆಂಟು ವಹಿಗಳಿದ್ದವು. ರದ್ದಿಯವನು ಒಂದನ್ನು ಆಗಲೇ ತಕ್ಕಡಿಗೆ ಹಾಕಿದ್ದನು. ಕಾಗದ ದಪ್ಪ, ತೂಕ ಚೆನ್ನಾಗಿ ಬರುವದೆಂದು ಅವನಿಗೂ ಸಂತೋಷವೇ.

ವಿಚಾರಿಸಲಾಗಿ, ಆ ಮನೆಯವರ ಹಿರಿಯರು ಖಾನಾಪುರ ತಾಲೂಕಿನ ಕಾಡಂಚಿನ ಒಂದು ಹಳ್ಳಿಯಲ್ಲಿ ಎರಡು ತಲೆಮಾರು ಕಿರಾಣಿ ಅಂಗಡಿಯನ್ನು ನಡೆಯಿಸಿದವರೆಂದೂ, ಮಕ್ಕಳ ಶಾಲೆಗಾಗಿ ಖಾಸಬಾಗಕ್ಕೆ ಬಂದು ನೆಲೆಸಿದವರೆಂದೂ, ಅಂಗಡಿಯು ಹೋದರೂ ಅದರ ಲೆಕ್ಕವು ಮಾತ್ರ ಗಾಡಿಯೇರಿ ಇಲ್ಲಿಯ ವರೆಗೆ ಬಂದಿತ್ತೆಂದೂ ತಿಳಿಯಿತು. ಮನೆಯ ಹಿರಿಯ ತಾಯಿಯವರು ಹೇಳಿದ ಮಾತು ನಮ್ಮ ಮನಸ್ಸಿನಲ್ಲಿ ನಟ್ಟಿದೆ. "ಇಟ್ಕೊಂಡ ಏನ ಮಾಡೂದ್ರೀ ಅಣ್ಣಾರ? ಓದಾಕ ಯಾರಿಗೂ ಬರೂದಿಲ್ಲ, ಒಗ್ಯಾಕ ಮನಸ ಆಗೂದಿಲ್ಲ. ವರ್ಷಾ ಲಕ್ಷ್ಮೀಪೂಜೆಗೆ ಕುಂಕುಮಾ ಹಚ್ಚಿದ ವಹಿ ನೋಡ್ರಿ." ಪೂಜೆ ಮಾಡಿದ್ದನ್ನು ಒಗೆಯಲಾಗದು, ಓದಲಾರದ್ದನ್ನು ಇಡಲಾಗದು ಎಂಬೀ ಇಕ್ಕಟ್ಟು ಆ ಒಬ್ಬ ತಾಯಿಯದಲ್ಲ, ನಮ್ಮ ಸೀಮೆಯ ನೂರಾರು ಮನೆತನಗಳದು. ಈ ವಾರ ಇದರ ವಿಷಯವಾಗಿಯೇ ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂದು ಬಗೆದಿರುವೆವು.

ಕಿರಾಣಿ ಅಂಗಡಿಯ ಲೆಕ್ಕವೆಂದರೆ ಎಣ್ಣೆಯ ಕಲೆ ಬಿದ್ದ ಉದ್ರಿಯ ಚೀಟಿಯೆಂದು ತಿಳಿದವರು ಬಹಳ. ಹಿಂದಿನವರ ಪದ್ಧತಿಯು ಹಾಗಿರಲಿಲ್ಲ. ದಿನದ ವ್ಯವಹಾರವೆಲ್ಲವೂ ಮೊದಲು ಕಚ್ಚಾ ವಹಿಗೆ. ರಾತ್ರಿ ದೀಪ ಹಚ್ಚಿದ ಮೇಲೆ ಅದರಿಂದ ರೋಜುಕಿರ್ದಿಗೆ, ಅಂದರೆ ಒಂದು ಬದಿಗೆ ಜಮಾ, ಒಂದು ಬದಿಗೆ ಖರ್ಚು, ಕೆಳಗೆ ಆ ದಿನದ ಶಿಲ್ಕು. ಕಿರ್ದಿಯಿಂದ ಆಯಾ ಆಸಾಮಿಯ ಖಾತೆಗೆ, ಅದಕ್ಕೆ ಖತಾವಣಿಯೆಂದು ಹೆಸರು. ಕೈಯಲ್ಲಿದ್ದ ರೊಕ್ಕವೂ ಬರೆದ ಶಿಲ್ಕೂ ಒಂದಕ್ಕೊಂದು ತಾಳೆಯಾಗುವ ವರೆಗೆ ಅಂಗಡಿಕಾರನು ಊಟಕ್ಕೆ ಏಳುತ್ತಿರಲಿಲ್ಲವೆಂಬ ಮಾತನ್ನು ಹಳಬರ ಬಾಯಿಂದ ಯಾರು ಕೇಳಿಲ್ಲ? ಪುಟದ ಮೇಲೆ ಗೆರೆ ಎಳೆಯುವ ಬದಲು ಕಾಗದವನ್ನು ಮಡಿಚಿ, ಆ ಮಡಿಕೆಗಳನ್ನೇ ಅಂಕಣವಾಗಿ ಬಳಸುತ್ತಿದ್ದರು. ನಡುವೆ ಒಂದು ಹಾಳೆಯನ್ನು ಕಿತ್ತರೆ ಕಟ್ಟಿದ ದಾರವೇ ಅದನ್ನು ಹೇಳಿಬಿಡುತ್ತಿತ್ತು.

ಆ ಓಣಿಯ ಕಟ್ಟೆಯ ಮೇಲೆಯೇ ಕುಳಿತು ನಾವು ಎರಡು ವಹಿಗಳನ್ನು ತಿರುವಿದೆವು. ಹಳೆಯವು ಮೋಡಿಯಲ್ಲಿವೆ, ಅವುಗಳ ಮಾತು ಮುಂದೆ ಬರುವದು. ಈಚಿನವು ಕನ್ನಡದವು. ಮೃಗಶಿರ ಮಳೆಯ ಮುಂಚೆ ಪುಟಗಳು ಒಮ್ಮೆಲೇ ತುಂಬಿ ಬರುವವು: ಉಪ್ಪು, ಒಣಮೀನು, ಮೆಣಸಿನಕಾಯಿ, ಬೆಲ್ಲ, ಚಿಮಣಿ ಎಣ್ಣೆ, ಕಡ್ಡಿಪೆಟ್ಟಿಗೆ. ಖಾನಾಪುರದ ಪಶ್ಚಿಮದ ಹಳ್ಳಿಗಳ ಮಳೆಯನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಳ್ಳ ಏರಿತೆಂದರೆ ಸಂತೆ ಇಲ್ಲ, ಗಾಡಿ ಇಲ್ಲ. ಮನೆಯಲ್ಲಿ ಇದ್ದುದೇ ಉಂಟು. ಆಷಾಢ ಶ್ರಾವಣಗಳಲ್ಲಿ ಸಾಮಾನು ಸಣ್ಣದಾಗುತ್ತ ಹೋಗುವದು; ಸೇರು ಹೋಗಿ ಪಾವಸೇರು, ಪಾವಸೇರು ಹೋಗಿ ಛಟಾಕು. ಬದಿಯಲ್ಲಿ 'ಉದ್ರಿ' ಎಂಬ ಮಾತು ಮಾತ್ರ ದೊಡ್ಡದಾಗುತ್ತ ಬರುವದು. ಸುಗ್ಗಿಯಾದ ಮೇಲೆ ಒಂದೇ ಸಾಲು: 'ಭತ್ತ ಜಮಾ'.

ಈ ಒಂದು ಸಾಲಿನಲ್ಲಿ ಎಷ್ಟು ಸಂಗತಿಯಿದೆಯೆಂಬದನ್ನು ತುಸು ನಿಂತು ನೋಡಬೇಕು. ಭತ್ತವು ಜಮೆಯಾದದ್ದು ಸುಗ್ಗಿಯ ಧಾರಣೆಯಿಂದ, ಅಂದರೆ ವರ್ಷದಲ್ಲೆಲ್ಲ ಅತಿ ಕಡಿಮೆಯ ಧಾರಣೆಯಿಂದ. ಅದೇ ಭತ್ತದ ಅಕ್ಕಿಯು ಮುಂದಿನ ಶ್ರಾವಣದಲ್ಲಿ ಅದೇ ಒಕ್ಕಲಿಗನ ಖಾತೆಗೆ ಬೀಳುವದು ಮಳೆಗಾಲದ ಧಾರಣೆಯಿಂದ. ಬಡ್ಡಿಯೆಂಬ ಶಬ್ದವನ್ನು ಎಲ್ಲಿಯೂ ಬರೆದಿಲ್ಲ, ಬರೆಯುವ ಅವಶ್ಯಕತೆಯೂ ಇರಲಿಲ್ಲ. ಇಲ್ಲಿ ಅಂಗಡಿಕಾರನ ಮೇಲೆ ದೋಷವನ್ನು ಹೊರಿಸುವದು ನಮ್ಮ ಉದ್ದೇಶವಲ್ಲ. ಅವನೂ ಅಡತಿಯವನಿಗೆ ಬಾಕಿಯೇ; ಅವನ ಖಾತೆಯೂ ಇನ್ನೊಂದು ಪೇಟೆಯ ವಹಿಯಲ್ಲಿ ಹೀಗೆಯೇ ಬೆಳೆಯುತ್ತಿದ್ದಿತು. ಮರೆಯಬಾರದ ಇನ್ನೊಂದು ಮಾತೆಂದರೆ, ಮಳೆಯಲ್ಲಿ ದಾರಿ ಕಡಿದ ಹಳ್ಳಿಗೆ ರೊಕ್ಕವಿಲ್ಲದೆ ಉಪ್ಪು ಕೊಟ್ಟವನು ಅವನೊಬ್ಬನೇ. ಯಾವ ಸರಕಾರವೂ ಕೊಡಲಿಲ್ಲ. ಉಪಕಾರವೂ ಸುಲಿಗೆಯೂ ಒಂದೇ ಕೈಬರಹದಲ್ಲಿ, ಒಂದೇ ಮಸಿಯಲ್ಲಿ ಇರುವದರಿಂದಲೇ ಈ ವಹಿಗಳಿಗೆ ಬೆಲೆ. ಬರೆದವನ ವಿರುದ್ಧವೇ ಸಾಕ್ಷಿ ನುಡಿಯಬಲ್ಲ ದಾಖಲೆಯು ಸುಲಭವಾಗಿ ಸಿಗತಕ್ಕದ್ದಲ್ಲ.

ಹಳ್ಳಿಯವರಿಗೆ ಈ ಸಾಕ್ಷಿಯ ಶಕ್ತಿಯು ಚೆನ್ನಾಗಿ ಗೊತ್ತಿತ್ತು. 1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಊರಿನಲ್ಲಿ ರೈತರು ಸಾವಕಾರರ ಮೇಲೆ ಎದ್ದಾಗ ಅವರು ಮೊದಲು ಬಯಸಿದ್ದು ಧಾನ್ಯವನ್ನಲ್ಲ, ಬಂಗಾರವನ್ನಲ್ಲ, ಕಾಗದಗಳನ್ನು. ಸಾಲಪತ್ರಗಳನ್ನೂ ವಹಿಗಳನ್ನೂ ತಂದು ಸುಟ್ಟರು. 1859ರ ಅವಧಿ ಕಾಯದೆಯು ಸಾಲಕ್ಕೆ ಮೂರು ವರ್ಷಗಳ ಮಿತಿಯನ್ನು ಹಾಕಿದ್ದು ಸಾಲಗಾರನ ರಕ್ಷಣೆಗೆಂದು; ಆದರೆ ಮೂರು ವರ್ಷಕ್ಕೊಮ್ಮೆ ಬಡ್ಡಿಯನ್ನು ಅಸಲಿಗೆ ಕೂಡಿಸಿ ಹೊಸ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಅದೇ ದಾರಿಯಾಯಿತು. ದಂಗೆಯ ತರುವಾಯ 1879ರಲ್ಲಿ ದಖ್ಖನ ಒಕ್ಕಲಿಗರ ನೆರವಿನ ಕಾಯದೆಯು ಬಂದಿತು. ಮೊದಲಿಗೆ ಪುಣೆ, ಸಾತಾರಾ, ಸೊಲ್ಲಾಪುರ, ಅಹಮದನಗರ ಈ ನಾಲ್ಕು ಜಿಲ್ಲೆಗಳಿಗೆ. ಕೊಟ್ಟ ಹಣಕ್ಕೆ ಪಾವತಿಯನ್ನೂ, ವರ್ಷಕ್ಕೊಮ್ಮೆ ಲೆಕ್ಕದ ಪಟ್ಟಿಯನ್ನೂ, ತನ್ನ ಕೈಯಲ್ಲಿಟ್ಟುಕೊಳ್ಳಲು ಒಂದು ಪಾಸಬುಕ್ಕನ್ನೂ ಒಕ್ಕಲಿಗನು ಕೇಳಬಹುದೆಂದು ಆ ಕಾಯದೆಯು ಹೇಳಿತು. ಒಂದೇ ಲೆಕ್ಕ, ಆದರೆ ಎರಡು ಕೈಗಳಲ್ಲಿ ಇರತಕ್ಕದ್ದು! ಈ ಒಂದು ತತ್ವವನ್ನು ಕಾಯದೆಯಲ್ಲಿ ಬರೆಯಲು ಒಂದು ದಂಗೆಯೇ ಆಗಬೇಕಾಯಿತು. ನಮ್ಮ ಹಳ್ಳಿಯ ಗಿರಾಕಿಯ ಕೈಯಲ್ಲಿ ಇಂದಿಗೂ ಅದು ಇಲ್ಲವೆಂಬದು ಬೇರೆ ಮಾತು.

ನ್ಯಾಯಾಲಯದ ಅಭಿಪ್ರಾಯವನ್ನೂ ಇಲ್ಲಿಯೇ ಹೇಳಬಹುದು. ವ್ಯಾಪಾರದ ಕ್ರಮದಲ್ಲಿ ನಿಯಮದಿಂದ ಇಟ್ಟ ಲೆಕ್ಕದ ನಮೂದುಗಳು ಪುರಾವೆಯಾಗಿ ನಡೆಯುವವು, ಆದರೆ ಅವಷ್ಟರ ಮೇಲಿಂದಲೇ ಯಾರ ಮೇಲೂ ಹೊಣೆಯನ್ನು ಹೊರಿಸಲಾಗದು ಎಂದು 1872ರ ಸಾಕ್ಷ್ಯ ಕಾಯದೆಯ 34ನೆಯ ಕಲಮು ಹೇಳಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವು ಅದನ್ನೇ 28ನೆಯ ಕಲಮಿನಲ್ಲಿ ಉಳಿಸಿಕೊಂಡಿದೆ. ಒಂದೂವರೆ ಶತಮಾನದಲ್ಲಿ ರಾಜ್ಯ ಬದಲಾಯಿತು, ನಾಣ್ಯ ಬದಲಾಯಿತು, ತೂಕ ಬದಲಾಯಿತು. ಅಂಗಡಿಕಾರನ ವಹಿಯ ವಿಷಯವಾಗಿ ಕಾಯದೆಯ ಅರೆನಂಬಿಕೆ ಮಾತ್ರ ಬದಲಾಗಲಿಲ್ಲ.

ನಾಣ್ಯ ಬದಲಾದ ಮಾತು ಬಂದಿತಷ್ಟೆ. 1957ರ ಏಪ್ರಿಲ್ 1ರ ವರೆಗೆ ನಮ್ಮ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಅಂದರೆ ರೂಪಾಯಿಗೆ 192 ಪೈ. ಆ ದಿನದಿಂದ 100 ಹೊಸ ಪೈಸೆ. ಪುಸ್ತಕ ಓದುವವನಿಗೆ ಇದು ಒಂದು ತಾರೀಖು. ಆಣೆ ಎರಡಾಣೆಯಲ್ಲಿ ಸಂಸಾರ ಮಾಡುವವನಿಗೆ ನಿತ್ಯದ ಜಗಳ. ಆಣೆಯೊಂದಕ್ಕೆ ಸರಿಯಾಗಿ ಹಿಡಿದರೆ ಆರೂಕಾಲು ಪೈಸೆ. ಆದರೆ ಕಾಲು ಪೈಸೆಯನ್ನು ಯಾವ ಟಂಕಸಾಲೆಯೂ ಹೊಡೆಯಲಿಲ್ಲ. ಆದ್ದರಿಂದ ಒಂದು ಆಣೆಗೆ 6, ಎರಡಕ್ಕೆ 12, ಮೂರಕ್ಕೆ 19, ನಾಲ್ಕಕ್ಕೆ 25 ಎಂದು ಕೋಷ್ಟಕವಾಯಿತು. ಮೂರಾಣೆಯ ಸಾಮಾನನ್ನು ಒಮ್ಮೆಲೇ ಕೊಂಡವನು 19 ಪೈಸೆ ತೆರಬೇಕು. ಒಂದೊಂದು ಆಣೆಯದನ್ನು ಮೂರು ಸಲ ಕೊಂಡವನು 18. ನಾವು ನೋಡಿದ ವಹಿಯಲ್ಲಿ ಆ ವರ್ಷದ ಪುಟಗಳಲ್ಲಿ ಎರಡೂ ಅಂಕಣಗಳಿವೆ. ಎಡಕ್ಕೆ ಆಣೆ, ಬಲಕ್ಕೆ ಪೈಸೆ, ನಡುವೆ ಅಂಗಡಿಕಾರನು ಹೊಡೆದುಹಾಕಿ ತಿದ್ದಿದ ಅಂಕಿಗಳು. ಇದರ ಬೆನ್ನಿಗೇ ಸೇರು ಹೋಗಿ ಕಿಲೋಗ್ರಾಮು ಬಂದಿತು. 1956ರ ಕಾಯದೆಯಂತೆ ಮೆಟ್ರಿಕ್ ತೂಕಗಳು 1958ರಿಂದ ಹಂತಹಂತವಾಗಿ ಜಾರಿಗೆ ಬಂದವು. ಒಂದೇ ನಾಲ್ಕೈದು ವರ್ಷಗಳಲ್ಲಿ ಆಳುವ ಪ್ರಾಂತವು ಮುಂಬಯಿಯಿಂದ ಮೈಸೂರಾಗಿ, ನಾಣ್ಯವು ಬೇರೆಯಾಗಿ, ತಕ್ಕಡಿಯ ಕಲ್ಲೂ ಬೇರೆಯಾದ ಕಾಲವದು. ಹಳ್ಳಿಯ ಒಬ್ಬ ಗೃಹಿಣಿಯು ಇದನ್ನೆಲ್ಲ ಹೇಗೆ ಸಹಿಸಿದಳೆಂಬದು ಯಾವ ಗ್ಯಾಝೆಟಿಯರಿನಲ್ಲಿಯೂ ಇರಲಾರದು. ವಹಿಯಲ್ಲಿದೆ, ಅವಳು ಕೆಲವು ವಾರ ಏನನ್ನೂ ಕೊಳ್ಳದೆ ಇದ್ದುದು ಖಾಲಿ ಬಿಟ್ಟ ಅಂಕಣದಲ್ಲಿದೆ.

ಗ್ಯಾಝೆಟಿಯರಿನ ಮಾತನ್ನೂ ಅಲ್ಲಗಳೆಯುವಂತಿಲ್ಲ. 1884ರಲ್ಲಿ ಅಚ್ಚಾದ ಬೆಳಗಾವಿ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ನಂದಗಡದ ಪೇಟೆಯ ಹೆಸರಿದೆ. ಗೋವೆಯ ಕಡೆಯಿಂದ ಅಡಿಕೆ, ತೆಂಗಿನಕಾಯಿ, ಉಪ್ಪು ಇಳಿಯುತ್ತಿದ್ದವು, ಬಯಲುಸೀಮೆಯ ಧಾನ್ಯವು ಘಟ್ಟದ ಕೆಳಗೆ ಹೋಗುತ್ತಿದ್ದಿತು. 1831ರಲ್ಲಿ ಸಂಗೊಳ್ಳಿ ರಾಯಣ್ಣನನ್ನು ಗಲ್ಲಿಗೇರಿಸಿದ ಊರೆಂದು ನಂದಗಡವನ್ನು ಕನ್ನಡಿಗರೆಲ್ಲರೂ ಬಲ್ಲರು. ಅದು ಘಟ್ಟದ ಮೇಲಿನ ಕೆಳಗಿನ ಜನಕ್ಕೆ ಉಪ್ಪು ಅನ್ನಗಳನ್ನು ಬದಲು ಮಾಡಿಕೊಟ್ಟ ಊರೆಂಬದನ್ನು ಬಲ್ಲವರು ಕಡಿಮೆ. 1955ರಲ್ಲಿ ಭಾರತ ಸರಕಾರವು ಪೋರ್ತುಗೀಜರ ಗೋವೆಯ ಕೂಡ ವ್ಯವಹಾರಕ್ಕೆ ತಡೆ ಹಾಕಿತು. 1961ರ ಡಿಸೆಂಬರದಲ್ಲಿ ಗೋವೆಯು ಬಿಡುಗಡೆಯಾಯಿತು. ಈ ನಡುವಣ ಆರು ವರ್ಷಗಳಲ್ಲಿ ಗಡಿಯಂಚಿನ ಅಂಗಡಿಗಳಿಗೆ ತೆಂಗು ಅಡಿಕೆಗಳು ಎಲ್ಲಿಂದ ಬಂದವು, ಏನು ಧಾರಣೆಯಿಂದ ಬಂದವು? ಹೇಳಬಲ್ಲ ಕಾಗದಗಳು ಇದ್ದರೆ ಇಂಥ ಅಟ್ಟಗಳ ಮೇಲೆಯೇ ಇರತಕ್ಕವು.

ಇನ್ನು ಮೋಡಿಯ ಮಾತು. ಈ ವಿಷಯದಲ್ಲಿ ನಮ್ಮವರಿಗೆ ತುಸು ಕಟುವಾಗಿ ಹೇಳಬೇಕಾಗಿದೆ. ಬೆಳಗಾವಿ, ಖಾನಾಪುರಗಳ ಹಳೆಯ ವಹಿಗಳಲ್ಲಿ ಬಹಳಷ್ಟು ಮೋಡಿ ಲಿಪಿಯಲ್ಲಿ, ಮರಾಠಿ ಮಾತಿನಲ್ಲಿವೆ. ಪೇಶವೆಗಳ ಕಾಲದಿಂದ ಕಚೇರಿಗೂ ಪೇಟೆಗೂ ಅದೇ ರೂಢಿಯಾಗಿತ್ತು. ಕನ್ನಡ ಗಿರಾಕಿಯು ತಿಂದ ಉಪ್ಪಿನ ಲೆಕ್ಕವು ಅವನು ಓದಲಾರದ ಲಿಪಿಯಲ್ಲಿ ಬರೆಯಲ್ಪಡುತ್ತಿದ್ದುದು ಅನ್ಯಾಯವೇ ಸರಿ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಿದ್ದರ ಬೆಲೆಯು ಇಂಥ ವಹಿಯನ್ನು ಕೈಯಲ್ಲಿ ಹಿಡಿದಾಗ ತಿಳಿಯುವದು. ಆದರೆ ಅದು ಮೋಡಿಯಲ್ಲಿದೆ, ನಮ್ಮದಲ್ಲ ಎಂದು ರದ್ದಿಗೆ ಹಾಕುವ ಕನ್ನಡಾಭಿಮಾನವು ಯಾವ ಬಗೆಯದು? ಲಿಪಿಯು ಯಾರದಾದರೂ ಆಗಲಿ, ಅದರೊಳಗಿನ ಹಸಿವು ನಮ್ಮ ಜನರದು. ಬಡಿಗೇರ, ಕುಂಬಾರ, ಹೂಗಾರ ಎಂಬ ಕನ್ನಡ ಅಡ್ಡಹೆಸರುಗಳು ಮೋಡಿಯ ಸೊಟ್ಟ ಅಕ್ಷರಗಳಲ್ಲಿ ಕುಳಿತಿರುವದನ್ನು ಕಂಡರೆ ನಗೆಯೂ ಬರುವದು, ಮನಸ್ಸೂ ಕರಗುವದು. ಅದೇ ಪುಟದಲ್ಲಿ ಮರಾಠಿ ಮನೆಮಾತಿನವರ ಖಾತೆಗಳೂ ಇವೆ. ಅವರಿಗೂ ಅದೇ ಸೇರು, ಅದೇ ಬಾಕಿ. ಮೋಡಿಯು ಶಾಲೆಯಿಂದಲೂ ಕಚೇರಿಯಿಂದಲೂ ಹೊರಟುಹೋಗಿ ಎರಡು ಮೂರು ತಲೆಮಾರು ಆಯಿತು. ಓದಬಲ್ಲವರು ಊರಿಗೊಬ್ಬರು ಸಿಗುವದೂ ಕಠಿಣ. ಅವರು ಇರುವಾಗಲೇ ಓದಿಸಿಕೊಳ್ಳದಿದ್ದರೆ ಮುಂದೆ ಈ ವಹಿಗಳು ಇದ್ದೂ ಇಲ್ಲದಂತೆ.

ಮನೆಯ ಮೂಲೆಯ ಕಾಗದಕ್ಕೆ ಬೆಲೆಯುಂಟೆಂದು ಈ ಸೀಮೆಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಫ. ಗು. ಹಳಕಟ್ಟಿಯವರು ಮನೆಮನೆ ತಿರುಗಿ ತಾಳೆಗರಿಯ ಕಟ್ಟುಗಳನ್ನು ಕೂಡಿಸಿದ್ದರಿಂದಲ್ಲವೇ 1923ರಲ್ಲಿ ವಚನಶಾಸ್ತ್ರಸಾರವು ಹೊರಬಂದದ್ದು? ಕಿರಾಣಿಯ ಕಿರ್ದಿಯು ವಚನಕ್ಕೆ ಸರಿಸಮವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ವಾಚಕರು ನಗುವರು. ಆದರೆ ವ್ಯಾಪಾರದ ಲೆಕ್ಕವನ್ನು ಕಲ್ಲಿನಲ್ಲಿ ಕೆತ್ತಿದರೆ ಶಾಸನವೆಂದು ಕೈಮುಗಿಯುವೆವು, ಕಾಗದದಲ್ಲಿ ಬರೆದರೆ ರದ್ದಿಯೆನ್ನುವೆವು. ಇದೇ ಬೆಳಗಾವಿಯ, ಅಂದಿನ ವೇಣುಗ್ರಾಮದ, ರಟ್ಟರ ಕಾರ್ತವೀರ್ಯನ ಕಾಲದ ಶಕ 1127ರ ಕನ್ನಡ ಶಾಸನದಲ್ಲಿ ವ್ಯಾಪಾರಿಗಳು ಕೂಡಿ ಬಸದಿಗೆ ಬಿಟ್ಟುಕೊಟ್ಟ ಸುಂಕಗಳ ವಿವರವಿದೆ. ಆ ಕಲ್ಲು ಇಂದು ಲಂಡನ್ನಿನ ಬ್ರಿಟಿಷ್ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲು ಕಡಲು ದಾಟಿತು. ಕಾಗದಕ್ಕೆ ಅಷ್ಟು ದೂರ ಹೋಗುವ ಆಯುಷ್ಯವೂ ಇಲ್ಲ.

ಹಳೆಯದರ ಮೋಹದಿಂದ ನಾವು ಇದನ್ನು ಬರೆಯುತ್ತಿರುವೆವೆಂದು ಯಾರಾದರೂ ಬಗೆದರೆ, 2025ರ ಜುಲೈ ತಿಂಗಳನ್ನು ನೆನಪಿಗೆ ತಂದುಕೊಳ್ಳಲಿ. ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯವರು ಯು.ಪಿ.ಐ. ಮುಖಾಂತರ ಬಂದ ಹಣದ ಮೊತ್ತವನ್ನು ಲೆಕ್ಕಹಾಕಿ, ವರ್ಷಕ್ಕೆ 40 ಲಕ್ಷ ರೂಪಾಯಿಗಳ ಮಿತಿಯನ್ನು ದಾಟಿದಂತೆ ಕಂಡ ಸಣ್ಣ ಅಂಗಡಿಕಾರರಿಗೆ ನೋಟೀಸುಗಳನ್ನು ಕಳಿಸಿದರು. ರಾಜ್ಯದಲ್ಲಿ ಹುಯಿಲೆದ್ದಿತು, ಕೆಲವರು ಗೋಡೆಯ ಮೇಲಿನ ಕ್ಯೂ.ಆರ್. ಚಿತ್ರವನ್ನೇ ಕಿತ್ತು 'ರೊಕ್ಕವೇ ಕೊಡಿರಿ' ಎಂದು ಬರೆದು ಅಂಟಿಸಿದರು. ಕಡೆಗೆ ಮುಖ್ಯಮಂತ್ರಿಗಳು ನಡುವೆ ಬಂದು, ಹಳೆಯ ಬಾಕಿಯನ್ನು ವಸೂಲು ಮಾಡುವದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳತಕ್ಕದ್ದೆಂದು ಹೇಳಿದರು. ಆ ಗದ್ದಲದಲ್ಲಿ ಅಂಗಡಿಕಾರರ ದುಃಖವು ಏನಾಗಿತ್ತು? ಬಂದ ಹಣದಲ್ಲಿ ಹಾಲು ಕಾಯಿಪಲ್ಲೆಯದು ಎಷ್ಟು, ಕರ ಬೀಳುವ ಮಾಲಿನದು ಎಷ್ಟು, ಅಳಿಯನು ಕೈಗಡ ತೀರಿಸಿದ್ದು ಎಷ್ಟು, ಇದನ್ನು ಬೇರ್ಪಡಿಸಿ ತೋರಿಸಲು ಬಹುಜನರಲ್ಲಿ ಒಂದು ಹಾಳೆಯೂ ಇರಲಿಲ್ಲ. ಬ್ಯಾಂಕಿನ ಯಂತ್ರಕ್ಕೆ ಮೊತ್ತ ಗೊತ್ತು, ಮಾಲು ಗೊತ್ತಿಲ್ಲ. ಕಿರ್ದಿಯ ಅಜ್ಜನಿಗೆ ಎರಡೂ ಗೊತ್ತಿದ್ದವು.

ಸರಕಾರದ ತಪ್ಪೂ ಇಲ್ಲದಿಲ್ಲ. ಆದಾಯಕರದ ಕಾಯದೆಯು ಸಣ್ಣ ವ್ಯಾಪಾರಿಗೆ, ಅಂದಾಜು ಲಾಭದ ಮೇಲೆ ಕರ ಕೊಡು, ವಹಿ ಇಡಬೇಕಾಗಿಲ್ಲ ಎಂದು ಸೌಕರ್ಯವನ್ನು ಕೊಟ್ಟಿದೆ. ಇನ್ನೊಂದು ಇಲಾಖೆಯು ಬಂದು, ವಹಿ ಎಲ್ಲಿ ಎಂದು ಕೇಳುತ್ತದೆ. ಜಿ.ಎಸ್.ಟಿ.ಯಲ್ಲಿ ನೋಂದಣಿಯಾದವನು ವಾರ್ಷಿಕ ತಖ್ತೆಯ ಕಡೆಯ ದಿನದಿಂದ 72 ತಿಂಗಳು ಲೆಕ್ಕವನ್ನು ಕಾದಿಡಬೇಕು; ಅವನಿಗೆ ಅದನ್ನು ಬರೆಯಲು ಕಲಿಸಿದವರಾರು? ವ್ಯಾಪಾರಿ ಸಂಘಗಳು ಬೀದಿಗೆ ಇಳಿದು ಕೂಗಿದ್ದು ಸರಿ. ಅದರಂತೆಯೇ ತಮ್ಮ ಸದಸ್ಯರಿಗೆ ಕನ್ನಡದಲ್ಲಿ ಒಂದು ಸರಳ ಕಿರ್ದಿಯನ್ನು ಅಚ್ಚುಮಾಡಿಸಿ ಕೊಟ್ಟಿದ್ದರೆ ಇನ್ನೂ ಸರಿಯಾಗುತ್ತಿದ್ದಿತು.

ಗಿರಾಕಿಯ ಪಕ್ಷವನ್ನೂ ಬಿಡಲಾಗದು. ಖಾಸಬಾಗ, ವಡಗಾವಿ, ಶಹಾಪುರಗಳ ನೇಕಾರರ ಮನೆಗಳಲ್ಲಿ ಸೀರೆಯನ್ನು ಕೊಟ್ಟ ದಿವಸ ಮಜೂರಿ, ಮಜೂರಿ ಬಂದ ದಿವಸ ಅಂಗಡಿಯ ಬಾಕಿ ಎಂಬ ಚಕ್ರವು ಇಂದಿಗೂ ನಿಂತಿಲ್ಲ. ಇಂದು ಆ ಬಾಕಿಯು ಅಂಗಡಿಕಾರನ ಮೊಬೈಲಿನಲ್ಲಿ, ಇಂಗ್ಲಿಷ್ ಅಕ್ಷರಗಳಲ್ಲಿ ಕುಳಿತಿದೆ. ಮೋಡಿ ಹೋಗಿ ಇಂಗ್ಲಿಷ್ ಬಂದಿತು. ಓದಲಾರದವನ ಪಾಡು ಇದ್ದಲ್ಲಿಯೇ ಇದ್ದಿತು! ಆದ್ದರಿಂದ ಬಾಕಿಯ ಚೀಟಿಯು ಗಿರಾಕಿಯ ಕೈಗೆ ಸಿಗಬೇಕು, ಅವನ ಮಾತಿನಲ್ಲಿ ಸಿಗಬೇಕು. ಅವನು ಕನ್ನಡಿಗನಾದರೆ ಕನ್ನಡದಲ್ಲಿ, ಮರಾಠಿಗನಾದರೆ ಮರಾಠಿಯಲ್ಲಿ. ಈ ಮಾತಿಗೆ ನಮ್ಮ ಪಕ್ಷದ ಕೆಲವರು ಹುಬ್ಬು ಗಂಟಿಕ್ಕಬಹುದು. ಗಂಟಿಕ್ಕಲಿ. ಓದಲಾರದ ಲೆಕ್ಕದಿಂದ ನೊಂದ ಜನ ನಾವು. ಅದೇ ನೋವನ್ನು ನೆರೆಯವನಿಗೆ ಕೊಟ್ಟು ನಾಡು ಕಟ್ಟಲಾರೆವು.

ಹಳೆಯ ವಹಿಗಳಿದ್ದವರು ಮಾಡತಕ್ಕ ಕೆಲಸ ದೊಡ್ಡದೇನೂ ಅಲ್ಲ. ತೇವವಿಲ್ಲದ ಕಡೆ, ನೆಲಕ್ಕೆ ತಾಗದಂತೆ, ಬಿಳಿಯ ಅರಿವೆಯಲ್ಲಿ ಕಟ್ಟಿಡಬೇಕು. ಪ್ಲ್ಯಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ಬೂಸರು ಹಿಡಿಯುವದು. ಹರಿದ ಹಾಳೆಗೆ ಅಂಟುಪಟ್ಟಿಯನ್ನು ಹಚ್ಚಬಾರದು. ಮನೆಯ ಹುಡುಗರ ಕೈಯಲ್ಲಿ ಮೊಬೈಲು ಇದ್ದೇ ಇದೆ. ರಜೆಯ ನಾಲ್ಕು ದಿನ ಒಂದೊಂದೇ ಪುಟದ ಛಾಯಾಚಿತ್ರವನ್ನು ತೆಗೆಯಲಿ, ಮೊದಲ ಚಿತ್ರದಲ್ಲಿ ಊರಿನ ಹೆಸರನ್ನೂ ವರ್ಷವನ್ನೂ ಬರೆದ ಚೀಟಿಯನ್ನು ಇಡಲಿ. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯು 1939ರಿಂದಲೂ, ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು 2010ರಿಂದಲೂ ಇವೆ; ಅರಸರ ಕಾಗದಗಳಿಗೆ ತೋರುವ ಆದರದಲ್ಲಿ ಒಂದು ಪಾಲನ್ನು ಅಂಗಡಿಯ ಕಾಗದಗಳಿಗೂ ತೋರಬೇಕೆಂದು ಅಲ್ಲಿಯ ವಿದ್ವಾಂಸರಲ್ಲಿ ನಮ್ಮ ಬಿನ್ನಹ. ಆದರೆ ಒಂದು ಎಚ್ಚರಿಕೆ. ಬಾಕಿದಾರರ ಹೆಸರುಗಳನ್ನು ಅಚ್ಚಿಗೆ ಹಾಕಬಾರದು. ಉಪ್ಪಿನ ಬಾಕಿಯನ್ನು ತೀರಿಸದೆ ಸತ್ತವನ ಮೊಮ್ಮಗನು ಇಂದು ಅದೇ ಓಣಿಯಲ್ಲಿ ತಲೆಯೆತ್ತಿ ನಡೆಯುತ್ತಿರುವನು. ಅವನ ತಲೆಯನ್ನು ತಗ್ಗಿಸುವದು ಸಂಶೋಧನೆಯ ಕೆಲಸವಲ್ಲ. ಊರು, ವರ್ಷ, ಮಾಲು, ಧಾರಣೆ ಇವಿಷ್ಟು ಸಾಕು.

ಆ ದಿನ ರದ್ದಿಯವನಿಗೆ ವರ್ತಮಾನಪತ್ರಗಳಷ್ಟೇ ಸಿಕ್ಕವು. ತಕ್ಕಡಿಗೆ ಹಾಕಿದ್ದ ವಹಿಯನ್ನು ಅವನು ಗೊಣಗುತ್ತಲೇ ಹಿಂದಿರುಗಿಸಿದನು. ವಹಿಗಳು ಈಗ ಆ ಮನೆಯ ಕಪಾಟಿನ ಮೇಲೆ, ಹಳೆಯ ಧೋತರದಲ್ಲಿ ಕಟ್ಟಿ ಇಡಲ್ಪಟ್ಟಿವೆ. ಮೋಡಿಯ ಮೂರು ವಹಿಗಳನ್ನು ಓದಿಕೊಡಬಲ್ಲ ಹಿರಿಯರು ಯಾರಾದರೂ ಇದ್ದರೆ ನಮಗೆ ಬರೆದು ತಿಳಿಸಬೇಕು. ರವಿವಾರ ಖಾಸಬಾಗದ ಸಂತೆಯಾದ್ದರಿಂದ ಅದೊಂದು ದಿವಸ ಬಿಟ್ಟು ಯಾವಾಗ ಬಂದರೂ ಚಹಾ ಕೊಟ್ಟು ವಹಿ ತೋರಿಸುವೆನೆಂದು ಆ ತಾಯಿಯವರು ಹೇಳಿರುತ್ತಾರೆ.